ಬುಟ್ಟಿ ಹಿಡಿದು ಬೀದಿ ಸುತ್ತಿದವಳು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಒಂದು ವೃದ್ಧಾಶ್ರಮವಿದೆ. ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಕ್ರೈಸ್ತ ಸನ್ಯಾಸಿನಿಯರು 1900ರಲ್ಲಿ ಶುರು ಮಾಡಿದ್ದು. ಈ ಸನ್ಯಾಸಿನಿಯರ ಸಂಘ ಹುಟ್ಟಿದ್ದು ಫ್ರಾನ್ಸಿನ ಕಡಲತೀರದಲ್ಲಿ. ಅದು ಹುಟ್ಟಿದ ಕಥೆ ಓದಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಆಶ್ರಮಗಳ ಚರಿತ್ರೆ ಬರೆಯುವಾಗ ನಾವು ಮುಖ್ಯವಾದವರನ್ನೇ ಬಿಟ್ಟುಬಿಡುತ್ತೇವೆ.

ಈ ಸಂಘ ಕಟ್ಟಿದ ಜೀನ್ ಜುಗಾನ್ ಹುಟ್ಟಿದ್ದು 1792ರಲ್ಲಿ, ಫ್ರಾನ್ಸಿನ ಬ್ರಿಟನಿ ಸೀಮೆಯ ಕಾಂಕಾಲ್ ಎಂಬ ಊರಲ್ಲಿ. ಅಪ್ಪ ಮೀನುಗಾರ. ಅವಳಿನ್ನೂ ಮಗುವಾಗಿದ್ದಾಗಲೇ ಸಮುದ್ರಕ್ಕೆ ಹೋದವನು ಮರಳಿ ಬರಲಿಲ್ಲ. ಹದಿನಾರನೇ ವಯಸ್ಸಿಗೆ ಶ್ರೀಮಂತರ ಮನೆಯ ಅಡುಗೆಮನೆ ಸೇರಿದಳು. ಆಮೇಲೆ ಆಸ್ಪತ್ರೆಯ ಕೆಲಸ, ಮತ್ತೆ ಮನೆಕೆಲಸ. ಆಸ್ತಿ ಅಂತ ಏನೂ ಇರಲಿಲ್ಲ. 1839ರ ಚಳಿಗಾಲದಲ್ಲಿ ಸೇಂಟ್ ಸರ್ವಾನ್ ಊರಿನಲ್ಲಿ, ಕಣ್ಣು ಕಾಣದ, ಅರ್ಧ ಮೈ ಸ್ವಾಧೀನ ತಪ್ಪಿದ ಒಬ್ಬ ಅಜ್ಜಿಯನ್ನು ತನ್ನ ಬಾಡಿಗೆ ಕೋಣೆಗೆ ಕರೆತಂದಳು. ಇದ್ದ ಒಂದು ಹಾಸಿಗೆಯನ್ನು ಅಜ್ಜಿಗೆ ಬಿಟ್ಟು ತಾನು ಅಟ್ಟದಲ್ಲಿ ಮಲಗಿದಳು. ಆಗ ಅವಳಿಗೆ 47 ವರ್ಷ.

ಅಜ್ಜಿಯರ ಸಂಖ್ಯೆ ಬೆಳೆಯಿತು. ಅದು ನಾವಿಕರ ಊರು. ದುಡಿಯುವವರನ್ನು ಕಡಲು ನುಂಗಿದ ಮೇಲೆ ಮುದುಕಿಯರಿಗೆ ಭಿಕ್ಷೆಯೇ ಗತಿ. ಜೀನ್ ಏನು ಮಾಡಿದಳು ಗೊತ್ತಾ? ಯಾವ ಯಾವ ಮನೆಯವರು ನಿಮಗೆ ಕೊಡುತ್ತಿದ್ದರು ಅಂತ ಅವರನ್ನೇ ಕೇಳಿ, ಬುಟ್ಟಿ ಹಿಡಿದು ಅದೇ ಮನೆಗಳಿಗೆ ತಾನು ಹೋದಳು. ಇನ್ನು ಮುಂದೆ ಅವರು ಬರುವುದಿಲ್ಲ, ಅವರ ಬದಲು ನಾನು ಬರುತ್ತೇನೆ ಅಂದಳು. ಬ್ರೆಡ್ಡಿನ ತುಂಡು, ಹಳೇ ಬಟ್ಟೆ, ಸೌದೆ, ಕಾಫಿ ಚರಟ ಕೂಡ ಬೇಡವೆನ್ನಲಿಲ್ಲ. ಭಿಕ್ಷೆಯ ಅವಮಾನವನ್ನು ತನ್ನ ತಲೆ ಮೇಲೆ ಹೊತ್ತುಕೊಂಡಳು. ಜೋಳಿಗೆಯಿಂದಲೇ ಬೆಳೆದ ಮಠಗಳನ್ನು ಕಂಡ ನಮಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮುಂದಿನದ್ದು ಓದಿದರೆ ಹೊಟ್ಟೆ ಉರಿಯುತ್ತದೆ. 1843ರಲ್ಲಿ, ಅವಳ ಕೆಲಸಕ್ಕೆ ಕೈಜೋಡಿಸಿದ್ದ ಜೊತೆಗಾರ್ತಿಯರು ಅವಳನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಅವರಿಗೆ ಮಾರ್ಗದರ್ಶಕನಾಗಿದ್ದ ಲೆ ಪೈಯರ್ ಎಂಬ ಪಾದ್ರಿ ಆ ಆಯ್ಕೆಯನ್ನೇ ರದ್ದು ಮಾಡಿ, ಬೇರೆಯವಳನ್ನು ಕೂರಿಸಿದ. ಎರಡು ವರ್ಷದ ನಂತರ ಫ್ರೆಂಚ್ ಅಕಾಡೆಮಿ ಈ ಸೇವೆಗಾಗಿ ಜೀನ್‌ಗೆ 3,000 ಫ್ರಾಂಕಿನ ಪ್ರಶಸ್ತಿ ಕೊಟ್ಟಿತು. ಊರಿಗೆಲ್ಲ ಸತ್ಯ ಗೊತ್ತಿತ್ತು. ಆದರೂ 1852ರಲ್ಲಿ ಅವಳನ್ನು ಬೀದಿಯಿಂದ ವಾಪಸ್ ಕರೆಸಿ ಮೂಲಮಠದೊಳಗೆ ಇರಿಸಿದರು. ಸ್ಥಾಪಕ ನಾನೇ ಅಂತ ಪಾದ್ರಿ ಚರಿತ್ರೆಯನ್ನೇ ತಿದ್ದಿಸಿದ. 1879ರಲ್ಲಿ ಸಾಯುವ ತನಕ, ಅಂದರೆ 27 ವರ್ಷ, ಅವಳು ಅಲ್ಲೇ ಉಳಿದಳು. ಜೊತೆಗಿದ್ದ ಕಿರಿಯ ಸನ್ಯಾಸಿನಿಯರಲ್ಲಿ ಅನೇಕರಿಗೆ ಇವಳೇ ಮೊದಲಿಗಳು ಅನ್ನುವುದೂ ಗೊತ್ತಿರಲಿಲ್ಲ. 1890ರಲ್ಲಿ ರೋಮ್ ಆ ಪಾದ್ರಿಯನ್ನು ಸಂಘದಿಂದ ದೂರವಿಟ್ಟಿತು. 2009ರಲ್ಲಿ ಪೋಪ್ ಅವಳನ್ನು ಸಂತಳೆಂದು ಘೋಷಿಸಿದರು.

ಸಂತಪದವಿಗಿಂತ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವುದು 1865ರ ಒಂದು ಘಟನೆ. ಸಂಘ ಕಾಯಂ ಆದಾಯ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಬಂತು. ಮೂಲೆಗೆ ತಳ್ಳಿದ್ದ ಜೀನ್‌ಳನ್ನೂ ಕರೆದು ಕೇಳಿದರು. ಬೇಡ ಅಂದಳು. ಕೊನೆಗೆ ತೀರ್ಮಾನವೂ ಹಾಗೇ ಆಯಿತು. ಇಂದಿಗೂ ಈ ಸಂಘದವರು ಮಾರುಕಟ್ಟೆ, ಅಂಗಡಿಗಳಿಗೆ ಹೋಗಿ ಕೇಳಿ ತರುತ್ತಾರೆ. ಅವಳ ಹೆಸರನ್ನು ಅಳಿಸಿದವರಿಗೂ ಅವಳ ಮಾತಿಲ್ಲದೆ ಆಗಲಿಲ್ಲ, ಅಲ್ವಾ?

ಇದು ಬರೀ ಫ್ರಾನ್ಸಿನ ಕಥೆಯಲ್ಲ. ನಮ್ಮ ಅನಾಥಾಲಯ, ವೃದ್ಧಾಶ್ರಮಗಳ ಸ್ಮರಣ ಸಂಚಿಕೆ ತೆರೆದು ನೋಡಿ. ಜಾಗ ಕೊಟ್ಟವರು, ಅಡಿಗಲ್ಲು ಹಾಕಿದವರು, ಉದ್ಘಾಟನೆಗೆ ಬಂದ ಮಂತ್ರಿ, ಎಲ್ಲರೂ ಇರುತ್ತಾರೆ. ಮೊದಲ ವರ್ಷ ಅನ್ನ ಬೇಯಿಸಿದವರು ಯಾರು? ರಾತ್ರಿ ಎದ್ದು ಅಜ್ಜಂದಿರ ಬಟ್ಟೆ ಬದಲಿಸಿದವರು ಯಾರು? ಅಕ್ಕಿ ಖಾಲಿಯಾದ ದಿನ ಅಂಗಡಿ ಮುಂದೆ ಹೋಗಿ ನಿಂತವರು ಯಾರು? ದಾನಿಗಳ ಹೆಸರು ಇರಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ದುಡ್ಡು ಯಾರದೇ ಆಗಿದ್ದರೂ ಮನೆ ನಡೆದದ್ದು ಈ ಕೈಗಳಿಂದ.

ನಿಮ್ಮ ಊರಿನ ಆಶ್ರಮಕ್ಕೆ ಐವತ್ತೋ ನೂರೋ ವರ್ಷ ತುಂಬುತ್ತಿದ್ದರೆ, ಸಂಚಿಕೆಯ ಕೆಲಸ ನಿಮ್ಮ ಪಾಲಿಗೆ ಬಂದಿದ್ದರೆ, ಮೊದಲು ಆಫೀಸಿನ ಫೈಲ್ ತೆರೆಯಬೇಡಿ. ಅಲ್ಲಿ ಬೆಳೆದವರನ್ನು, ಅಡುಗೆಮನೆಯ ಹಳಬರನ್ನು ಕೂರಿಸಿಕೊಂಡು ಕೇಳಿ. ಅವರು ಹೇಳುವ ಹೆಸರುಗಳನ್ನು ಮೊದಲ ಪುಟದಲ್ಲೇ ಹಾಕಿ.