ಲೇತ್ ಮುಂದೆ ಗ್ಲೌಸ್ ಬೇಡವೇ ಬೇಡ

ವರ್ಕ್‌ಶಾಪ್ ಸುರಕ್ಷತೆ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದ್ರೆ ಡ್ರಿಲ್ಲಿಂಗ್ ಮಷಿನ್, ಲೇತ್ (ಲೋಹ ಅಥವಾ ಮರದ ತುಂಡನ್ನ ತಿರುಗಿಸಿ ಕಡೆಯೋ ಯಂತ್ರ) ಮೇಲೆ ಕೆಲ್ಸ ಮಾಡೋವಾಗ ಕಡ್ಡಾಯವಾಗಿ ಗ್ಲೌಸ್ ಹಾಕ್ಕೊಳ್ಳಿ ಅಂತ ಬರೆದಿದ್ದೀರಲ್ಲ, ಅದೊಂದನ್ನ ದಯವಿಟ್ಟು ತಿದ್ದಿ. ತಿರುಗೋ ಮಷಿನ್ ಹತ್ರ ಗ್ಲೌಸ್ ಹಾಕಲೇಬಾರದು. ಬರಿಗೈ ತಾಗಿದ್ರೆ ಚರ್ಮ ಕುಯ್ಯುತ್ತೆ, ಅದೇ ಗ್ಲೌಸಿನ ಒಂದು ನೂಲು ಡ್ರಿಲ್ ಬಿಟ್‌ಗೆ ಸುತ್ಕೊಂಡ್ರೆ ಇಡೀ ಕೈನೇ ಎಳ್ಕೊಂಡು ಹೋಗುತ್ತೆ, 600 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 600 ಸುತ್ತು, ಸೆಕೆಂಡಿಗೆ 10 ಸುತ್ತು, ಕೈ ಹಿಂದಕ್ಕೆ ತಗೋಬೇಕು ಅಂತ ಅನ್ಸೋಷ್ಟ್ರಲ್ಲಿ ಮುಗಿದೋಗಿರುತ್ತೆ. ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಮಾಡೋವಾಗ ನಮ್ಮ ಮೇಷ್ಟ್ರು ಮೊದಲ ದಿನವೇ ಉಂಗುರ, ವಾಚು, ಕೈಗೆ ಕಟ್ಟಿದ್ದ ದಾರ ಎಲ್ಲಾ ಬಿಚ್ಚಿಸಿದ್ರು, ತುಂಬುತೋಳಿನ ಶರ್ಟನ್ನ ಮೊಣಕೈ ಮೇಲಕ್ಕೆ ಮಡಚಿಸಿದ್ರು. ಲೇತ್‌ನಲ್ಲಿ ಲೋಹ ಕಡೆಯೋವಾಗ ಬರೋ ಉದ್ದುದ್ದ ಸುರುಳಿ ಚೂಪಾಗಿರುತ್ತೆ ನಿಜ, ಅದನ್ನ ಮಷಿನ್ ನಿಲ್ಸಿ ಕೊಕ್ಕೆಯಲ್ಲೋ ಬ್ರಷ್‌ನಲ್ಲೋ ತೆಗೀಬೇಕು, ಕೈಯಲ್ಲಲ್ಲ. ಮರ ಕಡೆಯೋ ಲೇತ್‌ಗೂ ಇದೇ ಮಾತು, ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆ ಕಡೆಯೋರನ್ನ ನೋಡಿ, ಬರಿಗೈಯಲ್ಲೇ ಉಳಿ ಹಿಡಿದಿರ್ತಾರೆ. ಆದ್ರೆ ಲೋಹದ ಶೀಟ್ ಎತ್ತೋವಾಗ, ವೆಲ್ಡಿಂಗ್ ಮಾಡೋವಾಗ ಗ್ಲೌಸ್ ಬೇಕೇ ಬೇಕು. ಇನ್ನು ಕಣ್ಣಿಗೆ ಸೇಫ್ಟಿ ಕನ್ನಡಕ ಇಲ್ದೆ ಯಾವ ಮಷಿನ್ನೂ ಆನ್ ಮಾಡಬಾರದು, ಅದನ್ನ ನೀವು ಬರೆದೇ ಇಲ್ಲ, ಹೊಸಬರು ಓದ್ತಾರೆ, ಸೇರಿಸಿ.