ಮುಚ್ಚಳದ ಮೇಲೆ ಮೆಣಸು

‘ಒಳಚರಂಡಿ ಕಾಮಗಾರಿ ಶೀಘ್ರ ಪೂರ್ಣ’ ಅಂತ ಮೊನ್ನೆ ಮತ್ತೆ ಪೇಪರಲ್ಲಿ ಬಂತು. ಓದಿ ನೆಮ್ಮದಿಯಾಯಿತು. ಮಳೆಗಾಲಕ್ಕೆ ಮುಂಚೆ ಈ ಸುದ್ದಿ ಬರದಿದ್ದರೆ ಗುಡುಗಿದರೂ ಅಣಬೆ ಏಳದ ಹಾಗೆ, ಏನೋ ಕಸಿವಿಸಿ.

ಕೊಡಗಿನ ನಮ್ಮೂರಿಗೆ ಬಂದರೆ ನಮ್ಮ ಬೀದಿಯ ಮ್ಯಾನ್‌ಹೋಲ್ ನೀವು ನೋಡಬೇಕು. ರಸ್ತೆಗಿಂತ ಒಂದು ಗೇಣು ಮೇಲೆದ್ದು ನಿಂತಿದೆ, ರಾತ್ರಿ ಸ್ಕೂಟರಿನವರಿಗೆ ಅದರ ಪರಿಚಯ ಚೆನ್ನಾಗಿದೆ. ಒಳಗೆ ಮಾತ್ರ ಇವತ್ತಿನವರೆಗೆ ಒಂದು ತೊಟ್ಟು ಕೊಳಚೆ ಇಳಿದಿಲ್ಲ. ಪೈಪಿಗೂ ಶುದ್ಧೀಕರಣ ಘಟಕಕ್ಕೂ ಇನ್ನೂ ಸಂಬಂಧ ಕುದುರಿಲ್ಲ. ಇಷ್ಟು ಮಡಿಯ ಮ್ಯಾನ್‌ಹೋಲ್ ಎಲ್ಲಿ ಸಿಗುತ್ತೆ? ಎದುರು ಮನೆಯ ಅಕ್ಕ ಅದರ ಮೇಲೆ ಗೋಣಿ ಹಾಸಿ ಕರಿಮೆಣಸು ಒಣಗಿಸುತ್ತಾರೆ.

“ಅಲ್ಲ ಅಕ್ಕಾ, ಇದು ಯುಜಿಡಿ, ಅಂದರೆ ಒಳಚರಂಡಿಯ ಮುಚ್ಚಳ.”

“ಗೊತ್ತು ಮಾರಾಯ. ಕಾಂಕ್ರೀಟಲ್ವಾ, ಬೇಗ ಕಾಯುತ್ತೆ.”

ಕೋಟಿಗಟ್ಟಲೆ ಸುರಿದ ಯೋಜನೆಗೆ ಒಬ್ಬರಾದರೂ ಫಲಾನುಭವಿ ಸಿಕ್ಕರಲ್ಲ.

ಹಾಗಾದರೆ ಊರಿನ ಬಚ್ಚಲು ನೀರು, ತುಂಬಿದ ಕಕ್ಕಸು ಪಿಟ್ಟಿನ ನೀರು ಎಲ್ಲಿಗೆ? ಚರಂಡಿಗೆ, ಅಲ್ಲಿಂದ ತೋಡಿಗೆ, ತೋಡಿನಿಂದ ಕಾವೇರಮ್ಮನ ಮಡಿಲಿಗೆ. ಕಾವೇರಿ ನೀರಿನ ವಿಷಯದಲ್ಲಿ ನಾವು ಬಹಳ ಕಟ್ಟುನಿಟ್ಟು. ತಮಿಳುನಾಡಿಗೆ 177.25 ಟಿಎಂಸಿ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಒಂದು ಹನಿ ಬಿಡೆವು ಅಂತ ಹೆದ್ದಾರಿಯಲ್ಲಿ ಮಲಗುತ್ತೇವೆ. ಆದರೆ ಕಕ್ಕಸಿನ ನೀರು ಬಿಡುವುದರಲ್ಲಿ ನಮ್ಮಂಥ ಧಾರಾಳಿಗಳಿಲ್ಲ. ಅದಕ್ಕೆ ಪ್ರಾಧಿಕಾರ ಬೇಡ, ಸಭೆ ಬೇಡ. ನೂರು ಕಿಲೋಮೀಟರ್ ಆಚೆಯಿಂದ ಇದೇ ಹೊಳೆಗೆ ಪೈಪು ಹಾಕಿ ಎಳೆದುಕೊಳ್ಳುವ ಬೆಂಗಳೂರಿಗೂ ಪಾಲು ಉಂಟು.

ಬಲಮುರಿಯ ಕಥೆ ಎಲ್ಲರಿಗೂ ಗೊತ್ತು. ಕಾವೇರಿ ಹರಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ, ಕೊಡವತಿಯರು ಇಂದಿಗೂ ಹಾಗೇ ಉಡುತ್ತಾರೆ. ಬೇಸಿಗೆಯಲ್ಲಿ ನಮ್ಮೂರ ಸೇತುವೆ ಹತ್ತಿರ ನಿಂತು ನೋಡಿ. ರಭಸ ಬೇಡ, ವಾಸನೆಯೇ ಸಾಕು, ಮುಖ ತಾನಾಗಿ ಹಿಂದಕ್ಕೆ ತಿರುಗುತ್ತೆ.

ಶುದ್ಧೀಕರಣ ಘಟಕದಲ್ಲಿ ನಡೆಯುವುದೇನು ದೇವರಹಸ್ಯವೇ? ಮೊದಲು ಜಾಲರಿ ಕಸ ಹಿಡಿಯುತ್ತೆ, ಆಮೇಲೆ ಮರಳು ತಳಕ್ಕೆ ಕೂರುತ್ತೆ. ನಂತರ ದೊಡ್ಡ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಪಂಕ್ತಿ ಭೋಜನ. ಬ್ಲೋವರ್ ಗಾಳಿ ಊದುತ್ತಿರುತ್ತೆ, ಅವು ಉಸಿರಾಡುತ್ತ ಹೊಲಸು ತಿನ್ನುತ್ತವೆ. ಈ ಊಟ ಹೊಳೆಯಲ್ಲೂ ನಡೆಯುತ್ತೆ. ಆದರೆ ಅಲ್ಲಿ ಅವು ಉಸಿರಾಡುವುದು ಮೀನಿನ ಪಾಲಿನ ಆಮ್ಲಜನಕ. ಆ ಪಂಕ್ತಿಯನ್ನು ಹೊಳೆಯಿಂದ ಎಬ್ಬಿಸಿ ತೊಟ್ಟಿಯಲ್ಲಿ ಕೂರಿಸುವುದೇ ಘಟಕದ ಕೆಲಸ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಬೇಕಾದರೆ ಹೊಳೆಯ ಬಿಒಡಿ, ಅಂದರೆ ಹೊಲಸು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಊರ ಕೊಳಚೆಯದ್ದು ಇನ್ನೂರರ ಆಸುಪಾಸು. ಕಾಫಿ ಪಲ್ಪಿಂಗ್, ಅಂದರೆ ಹಣ್ಣಿನ ಸಿಪ್ಪೆ ಸುಲಿದ, ನೀರಿನದ್ದು ಸಾವಿರಗಳಲ್ಲಿ. ಆ ಮಾತು ಎತ್ತಿದರೆ ನಮ್ಮ ನೆಂಟರಿಷ್ಟರೇ ಊಟಕ್ಕೆ ಕರೆಯುವುದಿಲ್ಲ, ಇಲ್ಲಿಗೇ ಬಿಡುತ್ತೇನೆ.

ಒಂದೇ ತೊಡಕು, ಬ್ಲೋವರಿಗೆ ಕರೆಂಟ್ ಬೇಕು. ಆಷಾಢದಲ್ಲಿ ಮರ ಬಿದ್ದು ವಾರಗಟ್ಟಲೆ ಕತ್ತಲಾಗುವ ಜಿಲ್ಲೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಜನರೇಟರ್ ಇಟ್ಟು ಡೀಸೆಲ್ ಹಾಕುವವರು ಯಾರು? ಅವುಗಳಿಗೆ ಓಟಿಲ್ಲ.

ಆರತಿಗಾದರೆ ಹಣಕ್ಕೆ ಬರವಿಲ್ಲ. ಕೆಆರ್‌ಎಸ್‌ನಲ್ಲಿ ಕಾವೇರಿ ಆರತಿಗೆ ಅಂತ 2025ರಲ್ಲಿ ಸರ್ಕಾರ 92 ಕೋಟಿ ಎಂದಿತು. ದೇವನಹಳ್ಳಿಯಂಥ ಊರು ಅದಕ್ಕೂ ಹತ್ತು ವರ್ಷ ಮೊದಲೇ, 2015ರಲ್ಲಿ, ಪಿಟ್ಟಿನಿಂದ ಎತ್ತಿದ ಮಲವನ್ನು ಸಂಸ್ಕರಿಸಲು ದಿನಕ್ಕೆ 6 ಸಾವಿರ ಲೀಟರಿನ ಪುಟ್ಟ ಘಟಕ ಕಟ್ಟಿಕೊಂಡಿತು. ಅಲ್ಲಿ ಯಾವ ಜೀವನದಿಯೂ ಹರಿಯುವುದಿಲ್ಲ. ನದಿ ಹುಟ್ಟುವ ಜಿಲ್ಲೆಯವರು ನಾವು. ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಿಂದ ತೀರ್ಥ ತಂದು ಸಾಯುವವರ ಬಾಯಿಗೆ ಒಂದು ಚಮಚ ಬಿಡಲೆಂದು ವರ್ಷವಿಡೀ ದೇವರ ಕೋಣೆಯಲ್ಲಿ ಜೋಪಾನ ಮಾಡುವವರು. ಬೆಟ್ಟ ಇಳಿದು ನಮ್ಮೂರು ಮುಟ್ಟುವಷ್ಟರಲ್ಲಿ ಅದೇ ನೀರಿಗೆ ಮೋರಿ ತಿರುಗಿಸಿರುತ್ತೇವೆ. ಥೂ, ಇದಕ್ಕೆ ವಿಡಂಬನೆ ಬೇರೆ ಕೇಡು. ನಾಚಿಕೆಯಾಗಬೇಕು ನಮಗೆ, ನನಗೂ ಸೇರಿ. ನಮ್ಮ ಮನೆ ಬಚ್ಚಲಿನ ಪೈಪೂ ಅದೇ ಚರಂಡಿಗೇ ಹೋಗಿರುವುದು.

ಈ ಹುಣ್ಣಿಮೆಗೂ ಹೊಳೆ ದಂಡೆಯಲ್ಲಿ ಆರತಿ ಇದೆ. ಹೋಗುತ್ತೇನೆ. ಪಂಚಕಜ್ಜಾಯ ಚೆನ್ನಾಗಿ ಮಾಡುತ್ತಾರೆ. ಕೈ ತೊಳೆಯಲಿಕ್ಕೆ ಮಾತ್ರ ಮನೆಗೇ ಬರಬೇಕು.