ಸ್ಪಷ್ಟನೆ: ರಕ್ತನಾಳ ಉಬ್ಬಿದರೆ ಗುಲ್ಮ (ಎಡಪಕ್ಕೆಯ ಕೆಳಗಿನ ಅಂಗ, ಸ್ಪ್ಲೀನ್) ತೆಗೆಸಲೇಬೇಕಾ?

‘ಗುಲ್ಮದ ರಕ್ತನಾಳ ಉಬ್ಬಿದೆ ಅಂದರೆ ಕೂಡಲೇ ಗುಲ್ಮ ತೆಗೆಸಿ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಈ ಉಬ್ಬು (ಅನ್ಯೂರಿಸಂ) ಚಿಕ್ಕದಿದ್ದು ನೋವಿಲ್ಲದಿದ್ದರೆ, ಎಷ್ಟೋ ಜನರಿಗೆ ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು. 3 ಸೆಂ.ಮೀ. ದಾಟಿದ್ದರೆ, ನೋವಿದ್ದರೆ, ಮಕ್ಕಳಾಗುವ ವಯಸ್ಸಿನ ಹೆಂಗಸರಾಗಿದ್ದರೆ ಚಿಕಿತ್ಸೆ ಬೇಕು. ಆಗಲೂ ಸಾಮಾನ್ಯವಾಗಿ ತೊಡೆಸಂದಿಯಿಂದ ತೆಳು ನಳಿಕೆ ತೂರಿಸಿ, ಲೋಹದ ಸುರುಳಿಯಿಂದ ಉಬ್ಬು ಮುಚ್ಚುತ್ತಾರೆ. ಜಠರದ ಕಡೆಯ ಸಣ್ಣ ನಾಳಗಳು ರಕ್ತ ಕೊಡುವುದರಿಂದ ಗುಲ್ಮ ಬಹುತೇಕ ಉಳಿಯುತ್ತದೆ.

ಆದರೆ ಉಬ್ಬು ಒಡೆದರೆ ಪ್ರಾಣಕ್ಕೇ ಅಪಾಯ. ಆಗ ಆಪರೇಷನ್, ಗುಲ್ಮ ತೆಗೆಯುವುದು ಬೇಕಾಗಬಹುದು. ಕೆಲವರಲ್ಲಿ ರಕ್ತ ಮೊದಲು ಜಠರದ ಹಿಂದೆಯೇ ತಡೆದು ನಿಲ್ಲುತ್ತದೆ. ಬಿಪಿ ಸರಿಹೋದಂತೆ ಕಾಣುತ್ತದೆ. ಆಮೇಲೆ ರಕ್ತ ಹೊಟ್ಟೆಯೊಳಗೆಲ್ಲ ನುಗ್ಗುತ್ತದೆ. ಗರ್ಭಿಣಿಗೆ ಎಡಪಕ್ಕೆಯ ಕೆಳಗೆ ದಿಢೀರ್ ನೋವು, ತಲೆಸುತ್ತು ಬಂದರೆ ಗ್ಯಾಸ್ ಅಂತ ಸುಮ್ನೆ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.